ನಾವು ಒರತೆ ಎಂದು ಕರೆದ ನೀರು

ಕಾರ್ಕಳದ ಬದಿಯಲ್ಲಿರುವ ನಮ್ಮ ಮದಕ ಸರಕಾರದ್ದಲ್ಲ, ಪಂಚಾಯತಿನದ್ದೂ ಅಲ್ಲ. ಎರಡು ಗುಡ್ಡಗಳ ನಡುವೆ ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸಿದ ಈ ಕೆರೆಗೆ ಹಕ್ಕುದಾರರು ನಾನು ಮತ್ತು ನನ್ನ ಅಕ್ಕ. ಅಕ್ಕನ ಪರವಾಗಿ ಮಾತನಾಡುವವರು ಭಾವ. ಏರಿಯ ಹೊರಬದಿಯ ಬುಡದಲ್ಲಿ ನನಗೆ ಬುದ್ಧಿ ಬಂದಂದಿನಿಂದಲೂ ತಿಳಿನೀರು ಜಿನುಗುತ್ತಿತ್ತು. ಹಿರಿಯರು ಮೊದಲು ಆ ಒರತೆಯನ್ನು ಕಂಡರು, ಆಮೇಲೆ ಅದರ ಮೇಲ್ಗಡೆ ಏರಿ ಕಟ್ಟಿದರು ಎಂಬುದು ಮನೆಯ ಕಥೆ. ಭಾವ ಅದರ ಸುತ್ತ ಟೈಲ್ಸ್ ಹಾಕಿದ ತೊಟ್ಟಿ ಕಟ್ಟಿಸಿದ್ದರು. ಉಡುಪಿಯಿಂದ ನೆಂಟರು ಬಂದರೆ ಬಾಟಲಿಯಲ್ಲಿ ತುಂಬಿಸಿ ಕೊಡುತ್ತಿದ್ದರು.

ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವನು. ಮಣಿಪಾಲದ ವಿದ್ಯಾರ್ಥಿಗಳು ರದ್ದಿಗೆ ಹಾಕಿದ ಪುಸ್ತಕಗಳನ್ನು ನಿಘಂಟು ಹಿಡಿದು ಓದಿ ಮಿಕ್ಕದ್ದನ್ನು ಕಲಿತೆ. ಕೇಳಿದ್ದನ್ನು ನಂಬುವ ಮೊದಲು ಹೋಗಿ ನೋಡಬೇಕು ಎಂಬುದು ಹಾಗೆ ಬಂದ ಅಭ್ಯಾಸ. ಮದಕ ತುಂಬಿದಾಗ ಒರತೆಯೂ ಜೋರು. ಮದಕ ಇಳಿದಾಗ ಅದೂ ಸಣ್ಣ. ನೆಲದೊಳಗಿನ ನೀರು ನಮ್ಮ ಮದಕದ ಅಪ್ಪಣೆ ಕೇಳಿ ಏಕೆ ಹರಿಯಬೇಕು?

ಕಳೆದ ಮಳೆಗಾಲದ ಕೊನೆಗೆ ಆ ನೀರು ಕೆಂಪಾಯಿತು. ಸ್ಟೀಲ್ ಲೋಟದಲ್ಲಿ ಹಿಡಿದಿಟ್ಟೆ. ತಳದಲ್ಲಿ ನುಣುಪು ಜೇಡಿ ಕೂತಿತು. ಲೋಟವನ್ನು ಭಾವನ ಮುಂದಿಟ್ಟೆ.

“ಕೆಂಪು ಮಣ್ಣಿನ ಊರು ಮಾರಾಯ್ರೇ, ನೀರು ಕೆಂಪಾಗದೆ ನೀಲಿ ಆಗ್ತದಾ?” ಎಂದರು.

“ಇಷ್ಟು ವರ್ಷ ತಿಳಿಯಾಗಿತ್ತಲ್ಲ ಭಾವ?”

“ಪ್ರಸಾದ ಕೊಟ್ಟರೂ ಬೆಲ್ಲ ಎಷ್ಟು ಉಂಟು ಅಂತ ನೋಡುವ ಬುದ್ಧಿ ನಿಮ್ಮದು. ಅಷ್ಟು ಹೆದರಿಕೆಯಾದರೆ ಸಿಮೆಂಟು ಮೆತ್ತುವ, ಮುಗೀತು.”

ಮುಗಿಯುತ್ತಿರಲಿಲ್ಲ. ಏರಿ ತನ್ನ ಹೊಟ್ಟೆಯ ಮಣ್ಣನ್ನೇ ಹೊರಗೆ ಕಳುಹಿಸುತ್ತಿತ್ತು. ಬಾಯಿ ಮುಚ್ಚಿದರೆ ನೀರು ಬೇರೆ ದಾರಿ ಕೊರೆಯುತ್ತಿತ್ತು, ಕೊನೆಗೆ ಏರಿಯೇ ಒಡೆಯುತ್ತಿತ್ತು. ಏರಿಯ ನೇರ ಕೆಳಗೆ ಬ್ಯಾರಿ ಹೆಂಗಸೊಬ್ಬರ ಮನೆ. ಗಂಡ ಗಲ್ಫಿನಲ್ಲಿ; ಮನೆಯಲ್ಲಿ ಆಕೆ ಮತ್ತು ನಡೆಯಲಾಗದ ತಾಯಿ. ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ.

“ಉಮ್ಮನನ್ನು ಎತ್ತಿಕೊಂಡು ಓಡ್ಲಿಕ್ಕೆ ನನ್ನಿಂದ ಆಗ್ತದಾ ಅಣ್ಣ?” ಎಂದರು ಆಕೆ. “ಒರತೆಯೋ ಸೋರುವುದೋ, ನೀವು ಭಾವ ಮೈದುನರು ಆಮೇಲೆ ಜಗಳ ಮಾಡಿ. ಈಗ ಎಂತ ಮಾಡ್ತೀರಿ, ಅದು ಹೇಳಿ.”

ತಾಯಿಯೊಂದಿಗೆ ಕಾಪುವಿನಲ್ಲಿರುವ ಆಕೆಯ ತಮ್ಮನ ಮನೆಗೆ ಹೋಗಿರಲು ಹೇಳಿ, ಅಂದೇ ತೂಬು ತೆರೆದೆ. ಒಮ್ಮೆಲೇ ಬರಿದಾದರೆ ಏರಿಯ ಒಳಮೈ ಕುಸಿದೀತೆಂದು ಸ್ವಲ್ಪಸ್ವಲ್ಪವೇ. ಭಾವ ಏರಿಯ ಮೇಲೆ ನಿಂತು ಕೂಗಿದರು: “ಸುಗ್ಗಿ ಬೆಳೆಗೆ ನೀರು ನಿಮ್ಮ ಪುಸ್ತಕ ಕೊಡ್ತದಾ?”

“ಒಣಗುವುದು ನನ್ನ ಗದ್ದೆಯೂ ಹೌದು. ತೂಬು ಮುಚ್ಚುವುದಿಲ್ಲ.”

ತೊಟ್ಟಿಯನ್ನೂ ಒಡೆಸಿದೆ. ಆ ಜಾಗದಲ್ಲಿ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಿಸಿದೆ: ನೀರು ಹೋಗಲಿ, ಮಣ್ಣು ಉಳಿಯಲಿ. ಮದಕ ಅರ್ಧಕ್ಕಿಳಿಯುವಷ್ಟರಲ್ಲಿ ಪುರಾತನ ಒರತೆ ನಿಂತೇಹೋಯಿತು. ನನ್ನ ಅಧಿಕಪ್ರಸಂಗಕ್ಕೆ ಅದು ಮುನಿಸಿಕೊಂಡು ಹೋಯಿತೆಂದು ನೆಂಟರಲ್ಲೆಲ್ಲ ಸುದ್ದಿಯಾಯಿತು. ಆಗಲಿ. ನೀರಿಗೆ ಮುನಿಸಿಲ್ಲ, ಮಟ್ಟ ಉಂಟು.

ಬೇಸಗೆಯಲ್ಲಿ ಏರಿ ಅಗೆಸಿದಾಗ, ಎಂದೋ ಕಡಿದ ಹಲಸಿನ ಮರದ ಬೇರು ಕೊಳೆತು ಉಳಿದ ಬಿಲ ಸಿಕ್ಕಿತು. ಭಾವ ಅದರೊಳಗೆ ಮೊಣಕೈಯವರೆಗೆ ಕೈ ಹಾಕಿದರು. ಕೈ ಹೊರಗೆ ತೆಗೆದು, “ಒರತೆ ಬರುತ್ತಿದ್ದ ದಾರಿ ಇದೇ ಅಲ್ವಾ?” ಎಂದರು.

ಬೇರುಗಳನ್ನೆಲ್ಲ ಕೀಳಿಸಿ, ಹೊಸ ಜೇಡಿ ತುಂಬಿಸಿ, ಪದರ ಪದರವಾಗಿ ಬಡಿಸಿ ದಮ್ಮಸು ಹಾಕಿಸಿದೆ.

ಈ ಮಳೆಗಾಲದಲ್ಲಿ ಮದಕ ಮತ್ತೆ ತುಂಬಿದೆ. ಮಳೆ ಬಿಟ್ಟಾಗಲೆಲ್ಲ ಏರಿಯ ಬುಡ ನೋಡಿ ಬರುತ್ತೇನೆ. ಕೆಳಮನೆಯ ಹೆಂಗಸು ಜಗಲಿಯಲ್ಲಿ ತಾಯಿಗೆ ಗಂಜಿ ಕುಡಿಸುತ್ತಾ ಅಲ್ಲಿಂದಲೇ ಕೇಳುತ್ತಾರೆ:

“ಎಂತ ಅಣ್ಣ, ಒರತೆ ಉಂಟಾ?”

“ಇಲ್ಲ.”

“ಇಲ್ಲದಿದ್ರೆ ಒಳ್ಳೆಯದಾಯ್ತು.”