ಬ್ಯಾಟರಿ ನರ್ಸಮ್ಮ

ನನ್ನ ದೊಡ್ಡಮ್ಮ ರತ್ನಮ್ಮ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದಳು. ಹೆರಿಗೆ ಮಾಡಿಸುವವಳಿಗೆ ಎರಡು ಕೈಯೂ ಬೇಕು. ಬೆಳಕು ಹಿಡಿಯಲು ನಿಂತ ಹೆಂಗಸರು ರಕ್ತ ನೋಡಿದ ಕೂಡಲೇ ಮುಖ ತಿರುಗಿಸುತ್ತಿದ್ದರು, ಜೊತೆಗೆ ಬೆಳಕೂ ತಿರುಗುತ್ತಿತ್ತು. ಆದ್ದರಿಂದ ಅವಳು ಯಾರನ್ನೂ ನಂಬದೆ ತನ್ನ ಬಾಯಲ್ಲೇ ಹಿಡಿದುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಆ ಕಡೆಯ ಮಣ್ಣಿನ ಗೋಡೆಯ ಮನೆಗಳಿಗೆ ಕಿಟಕಿ ಇರುತ್ತಿರಲಿಲ್ಲ. ನಡುಮಧ್ಯಾಹ್ನವೂ ಒಳಮನೆ ಕಪ್ಪಗಿರುತ್ತಿತ್ತು. ಆ ಕತ್ತಲಿನಲ್ಲಿ ಅವಳ ಬಾಯಿಂದ ಹೊರಟ ಬೆಳಕು ಅವಳು ನೋಡಿದ ಕಡೆಗೆಲ್ಲ ತಿರುಗುತ್ತಿತ್ತು. ಊರಿನವರು ಅವಳನ್ನು ಬ್ಯಾಟರಿ ನರ್ಸಮ್ಮ ಎಂದು ಕರೆಯುತ್ತಿದ್ದರು.

ಆ ಹೆಸರಿನಲ್ಲಿ ಪ್ರೀತಿಯಷ್ಟೇ ಅಂಜಿಕೆಯೂ ಇತ್ತು. ಕಾಯಿಲೆ ಬಿದ್ದವರ ಮನೆಗೆ ಹೋದಾಗ ಅವಳು ರೋಗಿಯ ರೆಪ್ಪೆ ಎತ್ತಿ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಿದ್ದಳು. ಒಂದು ಸಲ ನೋಡಿ ಎದ್ದರೆ ಮನೆಯವರು ಉಸಿರು ಬಿಡುತ್ತಿದ್ದರು. ಅದೇ ಕಣ್ಣನ್ನು ಮತ್ತೆ ನೋಡಿದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆ ಅದು. ನನಗೆ ಪ್ರೈಮರಿ ಸ್ಕೂಲಿನಲ್ಲಿ ಕೆಲಸ ಸಿಕ್ಕಿ, ಶ್ರೀನಿವಾಸಪುರ ತಾಲ್ಲೂಕಿನ ಆ ಹಳ್ಳಿಗೆ ಹಾಕಿದ್ದರು. ರಾಯಲ್ಪಾಡಿನಲ್ಲಿ ಬಸ್ಸಿಳಿದು ಮಾವಿನ ತೋಪುಗಳ ನಡುವೆ ನಡೆದು ಹೋಗಬೇಕಾದ ಊರು. ಅಲ್ಲಿನವರ ಕನ್ನಡಕ್ಕೂ ತೆಲುಗಿನ ಎಳೆತ. ದೊಡ್ಡಮ್ಮ ಅಲ್ಲಿ ಆಗಲೇ ಬಹಳ ವರ್ಷದಿಂದ ಸರ್ಕಾರಿ ನರ್ಸಾಗಿದ್ದಳು. ಸುಗಟೂರಿನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕೋಲಾರದಲ್ಲಿ ತರಬೇತಿ ಮುಗಿಸಿ ಬಂದವಳು. ನಾನು ಅವಳ ಮನೆಯಲ್ಲೇ ಉಳಿದೆ.

ಟಾರ್ಚಿನ ವಿಷಯದಲ್ಲಿ ಅವಳಷ್ಟು ಚಿಕಿತ್ಸಕ ಬುದ್ಧಿಯವರನ್ನು ನಾನು ಕಂಡಿಲ್ಲ. ಎರಡು ಸೆಲ್ಲಿನದು, ಮೂರು ಸೆಲ್ಲಿನದು ಅವಳಿಗೆ ಲೆಕ್ಕಕ್ಕೇ ಇಲ್ಲ. "ಅದು ದೊಣ್ಣೆ ಕಣೇ ಸರೋಜಾ. ನಾಯಿ ಓಡಿಸೋಕೆ ಸರಿ. ಮನೇಲಿ ಮೊಳೆಗೆ ನೇತಾಕಿ ಬಂದ್ರೆ ದಾರೀಲಿ ಹಾವು ಕಾಣುತ್ತಾ?" ಎನ್ನುವಳು. ಒಂದೇ ಸೆಲ್ಲಿನದು, ಸೊಂಟಕ್ಕೆ ಸಿಕ್ಕಿಸಿದರೆ ಇದೆಯೆಂದೇ ಗೊತ್ತಾಗದಂಥದು ಬೇಕು. ಅಂಥದರಲ್ಲೂ ಒಳ್ಳೆಯದನ್ನು ಹುಡುಕುವುದು ಅವಳ ಹಟ. ನಮ್ಮ ಮನೆಯ ಗೂಡಿನಲ್ಲಿ ಅವಳು ಒಲ್ಲೆಂದು ಬಿಸಾಕಿದ ಟಾರ್ಚುಗಳು ಸಾಲಾಗಿ ಮಲಗಿದ್ದವು. ಒಂದು ಚೀಲದೊಳಗೆ ತಾನಾಗಿಯೇ ಹೊತ್ತಿಕೊಂಡು ಸೆಲ್ಲು ತಿಂದು ಕೂತಿರುತ್ತಿತ್ತು. ಇನ್ನೊಂದರ ಪ್ಲಾಸ್ಟಿಕ್ ಮುಚ್ಚಳದ ತಿರುಪು ಸವೆದು, ಬೇಕಾದಾಗಲೇ ಕಳಚಿ ಬೀಳುತ್ತಿತ್ತು. ಮತ್ತೊಂದರ ಬೆಳಕಿನ ನಟ್ಟನಡುವೆ ಕಪ್ಪು ಮಚ್ಚೆ. "ನೋಡ್ಬೇಕಾದ್ದು ಸರಿಯಾಗಿ ಆ ಮಚ್ಚೆ ಒಳಗೇ ಹೋಗಿ ಕೂರುತ್ತೆ" ಎಂದು ಅದನ್ನು ಬೈಯುತ್ತಿದ್ದಳು.

ಸಂತೆಯಲ್ಲೋ ಜಾತ್ರೆಯಲ್ಲೋ ಯಾರೇ ಚಿಕ್ಕ ಬ್ಯಾಟರಿ ಕೊಂಡರೂ ಅವಳ ಜಗಲಿಗೆ ತಂದು ತೋರಿಸುವುದು ಊರಿನಲ್ಲಿ ವಾಡಿಕೆಯಾಗಿಹೋಗಿತ್ತು. ಅವಳು ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಒಳಗೆ ಸೆಲ್ಲು ಕುಲುಕಿದರೆ ಮುಖ ಸಿಂಡರಿಸುವಳು. ಒದ್ದೆ ಕೈಯಿಂದ ಗುಂಡಿ ಒತ್ತಿ ನೋಡುವಳು. ಅಂಗೈಯಿಂದ ಗಾಜು ಮುಚ್ಚಿ, ಬೆರಳ ಸಂದಿನಲ್ಲಿ ಕೆಂಪು ಎಷ್ಟು ಗಾಢವಾಗಿದೆ ಎಂದು ಗಮನಿಸುವಳು. ಸೊಂಟದ ಎತ್ತರದಿಂದ ನೆಲಕ್ಕೆ ಬೀಳಿಸುವಳು. ಕೊಂಡವನ ಎದೆ ಅಲ್ಲೇ ಒಡೆಯುತ್ತಿತ್ತು. ಕೊನೆಗೆ ಸೆರಗಿನಲ್ಲಿ ಒರೆಸಿ ಹಲ್ಲಿನ ನಡುವೆ ಇಟ್ಟು ತಲೆ ಆಚೀಚೆ ತಿರುಗಿಸಿ ನೋಡಿ ತೀರ್ಪು ಹೇಳುವಳು. ಬಹುಪಾಲು ತೀರ್ಪು ಒಂದೇ: "ಮಕ್ಳಿಗೆ ಆಡೋಕ್ ಕೊಡಪ್ಪ."

ಒಂದು ಸಂಜೆ ಶ್ರೀರಾಮಪ್ಪ ಬಂದ. ಮೇಲಿನ ಬೀದಿಯ ಲಕ್ಷ್ಮಕ್ಕನ ಹಿರಿಯ ಮಗ. ತಂದೆ ಇಲ್ಲದ ಮನೆಯನ್ನು ಅವನೇ ನಡೆಸುತ್ತಿದ್ದ. ಹಿಂದಿನ ಬೇಸಿಗೆಯಲ್ಲಿ ಮದುವೆಯಾಗಿತ್ತು. ಎಲ್ಲರೊಡನೆ ನಗುತ್ತ ಮಾತಾಡುವವನು. ಮದನಪಲ್ಲಿಗೆ ಟೊಮ್ಯಾಟೊ ಹಾಕಿಕೊಂಡು ಹೋದವನು ಅಲ್ಲಿಂದ ಒಂದು ಸೆಲ್ಲಿನ ಟಾರ್ಚು ತಂದಿದ್ದ. ಬೆಳ್ಳಗೆ ಹೊಳೆಯುವ ಲೋಹದ ಮೈ, ಹೆಬ್ಬೆರಳಿಗಿಂತ ತುಸು ದಪ್ಪ, ಹಿಂದೆ ದಾರ ಕಟ್ಟಲು ಒಂದು ಬಳೆ.

ದೊಡ್ಡಮ್ಮ ಅಲ್ಲಾಡಿಸಿದಳು. ಸದ್ದಿಲ್ಲ. ಬೀಳಿಸಿದಳು. ಬೆಳಕು ಕದಲಲಿಲ್ಲ. ಅವಳಿಗೇ ಆಶ್ಚರ್ಯವಾಗಿ ಬಿಂದಿಗೆಯ ನೀರಿನೊಳಗೆ ಮುಳುಗಿಸಿದಳು. ನೀರಿನ ತಳದಲ್ಲಿ ಅದು ಉರಿಯುತ್ತಲೇ ಇತ್ತು.

"ಎಲ್ಲಿ ಸಿಕ್ತೋ ನಿಂಗಿದು? ಇಷ್ಟು ವರ್ಷಕ್ಕೆ ಇಂಥದ್ದು ನೋಡ್ಲಿಲ್ಲ ನಾನು."

"ನಂಬಬೋದಾ ಅಕ್ಕಾ?"

"ನಂಬು. ಇದು ಕೈಕೊಡಲ್ಲ. ನಂಗೆ ಕೊಟ್ಬಿಡು, ಗೂಡಲ್ಲಿರೋದೆಲ್ಲಾ ನೀನು ತಗೊಂಡ್ ಹೋಗು."

"ಅಯ್ಯಯ್ಯೋ, ಅದೊಂದ್ ಕೇಳ್ಬೇಡಿ" ಎಂದು ಅವನು ನಗುತ್ತ ಕಿತ್ತುಕೊಂಡು ಉಡುದಾರಕ್ಕೆ ಸಿಕ್ಕಿಸಿಕೊಂಡ. ಆಮೇಲೆ ಎಷ್ಟೋ ದಿನ, ನರ್ಸಮ್ಮ ಮೆಚ್ಚಿದ ಬ್ಯಾಟರಿ ಎಂದು ಹೇಳಿಕೊಂಡೇ ಅವನು ಊರೆಲ್ಲ ತಿರುಗಿದ.

ಆ ಮನೆಯ ಹಿತ್ತಲಿನಲ್ಲಿ ರಾಗಿ ತುಂಬುವ ಹಗೇವು ಇತ್ತು. ಹೂಜಿಯಂತೆ ಕಿರಿದಾದ ಬಾಯಿ, ಕೆಳಗೆ ಇಳಿಯುತ್ತ ಅಗಲವಾಗುವ ಹೊಟ್ಟೆ; ಭೂಮಿಯೊಳಗೆ ಎರಡಾಳಿಗೂ ಮಿಕ್ಕ ಆಳ. ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಹೊಟ್ಟೆಯಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಹಿಂದಿನವರು ಚಪ್ಪಡಿ ಸರಿಸಿ ಒಂದು ಹಗಲು ಹಾಗೇ ಬಿಟ್ಟು, ಆಮೇಲೆ ಬುಡ್ಡಿದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ದೀಪ ಇಳಿಸುವುದು ಬೆಳಕಿಗೂ ಆಗುತ್ತಿತ್ತು, ಗಾಳಿ ತಿಳಿಯುವುದಕ್ಕೂ ಆಗುತ್ತಿತ್ತು. ಕೈಗೆ ಟಾರ್ಚು ಬಂದ ಮೇಲೆ ದೀಪದ ಉಸಾಬರಿ ಯಾರಿಗೆ ಬೇಕು? ಒಂದೊಂದೇ ಮನೆಯಲ್ಲಿ ಆ ಪದ್ಧತಿ ಬಿಟ್ಟುಹೋದದ್ದನ್ನು ಯಾರೂ ಗಮನಿಸಿರಲಿಲ್ಲ. ದೊಡ್ಡಮ್ಮನೂ ಗಮನಿಸಿರಲಿಲ್ಲ.

ಹಿಂದಿನ ಮಳೆಗಾಲದಲ್ಲಿ ಚಪ್ಪಡಿಯ ಸುತ್ತಿನ ಮಣ್ಣು ಬಿರಿದು ಹಗೇವಿಗೆ ನೀರಿಳಿದು ರಾಗಿ ಕೊಳೆಯತೊಡಗಿತ್ತು ಎಂಬುದು ಆಮೇಲೆ ತಿಳಿದ ಮಾತು. ಬೇಸಿಗೆ ಹತ್ತಿರವಾದಂತೆ ಆ ಹಿತ್ತಲಿನಲ್ಲಿ ಹುಳಿ ವಾಸನೆ ಆಡುತ್ತಿತ್ತಂತೆ. ಸೊಸೆ ಹೇಳಿದಾಗ ಲಕ್ಷ್ಮಕ್ಕ, ತಿಪ್ಪೆಯದಿರಬೇಕು ಎಂದಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನಾನೂ ದೊಡ್ಡಮ್ಮನೂ ಬಾಣಂತಿಯೊಬ್ಬಳನ್ನು ನೋಡಿಕೊಂಡು ಮೇಲಿನ ಬೀದಿಯಲ್ಲಿ ಬರುತ್ತಿದ್ದೆವು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಲಕ್ಷ್ಮಕ್ಕನ ಮಗಳ ಮಗುವಿಗೆ ಮಾರನೆಯ ದಿನ ನಾಮಕರಣ. ಬಾಗಿಲಲ್ಲಿ ಚಪ್ಪರ ಏಳುತ್ತಿತ್ತು. ಇದ್ದಕ್ಕಿದ್ದಂತೆ ಹಿತ್ತಲಿನಿಂದ "ಅಣ್ಣಾ! ಅಣ್ಣಾ!" ಎಂಬ ಕೂಗು. ಆಮೇಲೆ ಇನ್ನೂ ಹಲವರ ಕೂಗು. ದೊಡ್ಡಮ್ಮ ಚೀಲ ನನ್ನ ಕೈಗೆ ಎಸೆದು ಓಡಿದಳು.

ರಾಗಿ ತೆಗೆಯಲು ಆಗಷ್ಟೇ ಚಪ್ಪಡಿ ಸರಿಸಿ ಶ್ರೀರಾಮಪ್ಪ ಇಳಿದಿದ್ದ. ಬುಟ್ಟಿ ಬಿಡಿ ಎಂದವನು ಮತ್ತೆ ಮಾತಾಡಿರಲಿಲ್ಲ. ಅವನ ತಮ್ಮ ನಾಗರಾಜ ಹಗೇವಿನ ಬಾಯೊಳಗೆ ಕಾಲು ಇಳಿಬಿಟ್ಟು ಇನ್ನೇನು ಜಾರುವುದರಲ್ಲಿದ್ದ. ಅವನ ಹಿಂದೆ ಇನ್ನಿಬ್ಬರು ಪಂಚೆ ಎತ್ತಿ ಕಟ್ಟುತ್ತಿದ್ದರು. ದೊಡ್ಡಮ್ಮ ಹೋದವಳೇ ನಾಗರಾಜನ ಕೂದಲಿಗೆ ಕೈ ಹಾಕಿ ಹಿಂದಕ್ಕೆ ಎಳೆದು ಕೆಡವಿದಳು.

"ಬಿಡಕ್ಕಾ! ನಮ್ಮಣ್ಣ ಒಳಗವ್ನೆ!"

"ಇಳಿದ್ರೆ ನೀನೂ ಅಲ್ಲೇ ಬೀಳ್ತೀಯ. ಗಾಳಿ ಇಲ್ಲ ಒಳಗೆ!"

"ಬ್ಯಾಟರಿ ಉರೀತೈತಲ್ಲಕ್ಕಾ, ಕಾಣಲ್ವಾ? ಗಾಳಿ ಇಲ್ದಿದ್ರೆ ಆರೋಗ್ತಿರ್ಲಿಲ್ವಾ?"

ನಾನೂ ಬಗ್ಗಿ ನೋಡಿದೆ. ಕೆಳಗೆ ರಾಗಿಯ ಮೇಲೆ ಅವನು ಒಂದು ಮಗ್ಗುಲಿಗೆ ಬಿದ್ದಿದ್ದ. ಅವನ ಕೈಯಿಂದ ಜಾರಿದ ಟಾರ್ಚು ಗೋಡೆಯ ಮೇಲೆ ದುಂಡಗೆ, ಅಲುಗದೆ, ಬೆಳಕು ಬಿಟ್ಟಿತ್ತು.

"ಬ್ಯಾಟರಿಗ್ಯಾಕೋ ಗಾಳಿ ಬೇಕು? ದೀಪ ತನ್ರೋ! ಯಾರಾದ್ರೂ ದೀಪ ತನ್ನಿ!" ಎಂದು ದೊಡ್ಡಮ್ಮ ಅರಚಿದಳು. ಅವಳ ದನಿ ಅಷ್ಟು ಏರಿದ್ದನ್ನು ನಾನು ಕೇಳಿರಲಿಲ್ಲ.

ಸೊಸೆ ಅಡುಗೆಮನೆಯಿಂದ ಬುಡ್ಡಿ ತಂದಳು. ಹಗ್ಗಕ್ಕೆ ಕಟ್ಟಿ ಇಳಿಸಿದರು. ಬಾಯಿ ದಾಟಿ ಒಂದಾಳು ಇಳಿಯುವಷ್ಟರಲ್ಲಿ ಜ್ವಾಲೆ ಸಣ್ಣಗಾಗಿ, ಯಾರೋ ಬೆರಳಲ್ಲಿ ಹಿಸುಕಿದಂತೆ ಆರಿತು. ಪಂಚೆ ಕಟ್ಟಿದ್ದ ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ನಾಗರಾಜ ಮಾತ್ರ ಮತ್ತೆ ನುಗ್ಗಿದ. ಅವನನ್ನು ಮೂವರು ಹಿಡಿದರು. ದೊಡ್ಡಮ್ಮ ಮಂಡಿಯೂರಿ, ಹಗೇವಿನ ಬಾಯೊಳಗೆ ತಲೆ ಇಳಿಸಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಎದ್ದಾಗ ಅವಳ ಮುಖ ಬೂದಿಯಾಗಿತ್ತು.

"ಹೋಗ್ಬಿಟ್ಟಿದಾನೆ" ಎಂದಳು. "ಇನ್ನು ಯಾರೂ ಇಳೀಬೇಡಿ. ಹೊಂಗೆ ಸೊಪ್ಪು ಕಡ್ಕೊಂಡ್ ಬನ್ರಿ, ಬೇಗ!"

ಲಕ್ಷ್ಮಕ್ಕ ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದವಳು, ಬಂದು ದೊಡ್ಡಮ್ಮನ ಎದೆಗೆ ಎರಡೂ ಕೈಯಿಂದ ಗುದ್ದಿದಳು. "ನಾ ಕೊಡುಕುನ್ನಿ ಸಂಪೇಸ್ತಿವಿ ಗದೇ!" ನನ್ನ ಮಗನನ್ನು ಕೊಂದುಬಿಟ್ಟೆಯಲ್ಲೇ ಎಂದು, ಮತ್ತೆ ಮತ್ತೆ ಅದನ್ನೇ. ದೊಡ್ಡಮ್ಮ ಗುದ್ದು ತಿನ್ನುತ್ತಲೇ ಹಗೇವಿನ ಬಾಯಿಗೆ ಅಡ್ಡವಾಗಿ ನಿಂತು ಜೋರು ಜೋರಾಗಿ ಎಲ್ಲರಿಗೂ ಕೆಲಸ ಹೇಳುತ್ತಿದ್ದಳು. ಸೊಪ್ಪಿನ ದೊಡ್ಡ ಕಂತೆಯನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಕೆಟ್ಟ ಗಾಳಿಯನ್ನು ಕದಡಿದರು. ನಡುನಡುವೆ ದೀಪ ಇಳಿಸಿದರು. ದೀಪ ಆರುತ್ತಿತ್ತು. ಮತ್ತೆ ಸೊಪ್ಪು. ಕೊನೆಗೆ ದೀಪ ತಳ ಮುಟ್ಟಿದರೂ ಉರಿಯಿತು. ಆಗ ಒಬ್ಬನ ಸೊಂಟಕ್ಕೆ ಹಗ್ಗ ಬಿಗಿದು ಇಳಿಸಿ, ಶ್ರೀರಾಮಪ್ಪನನ್ನು ಮೇಲೆ ತಂದರು.

ದೊಡ್ಡಮ್ಮ ಅವನನ್ನು ಅಂಗಾತ ಮಲಗಿಸಿ ಎದೆ ಒತ್ತಿದಳು, ಬಾಯಿಗೆ ಬಾಯಿ ಇಟ್ಟು ಊದಿದಳು. ಬೆವರು ಅವಳ ಮೂಗಿನಿಂದ ಅವನ ಮುಖಕ್ಕೆ ತೊಟ್ಟಿಕ್ಕುತ್ತಿತ್ತು. ಯಾರೋ, ಸಾಕು ಬಿಡಮ್ಮ ಎಂದರು. ಅವಳು ಬಿಡಲಿಲ್ಲ. ಕೊನೆಗೆ ನಾನೇ ಹೆಗಲು ಹಿಡಿದು ಎಬ್ಬಿಸಿದೆ.

ಹಗೇವಿನಿಂದ ಎತ್ತಿದ ಟಾರ್ಚನ್ನು ಯಾರೋ ಜಗಲಿಯ ಮೇಲೆ ಇಟ್ಟಿದ್ದರು. ಅದು ಇನ್ನೂ ಉರಿಯುತ್ತಿತ್ತು. ಹೆಣ ಎತ್ತಿದಾಗಲೂ ಉರಿಯುತ್ತಿತ್ತು. ಅದನ್ನು ಮುಟ್ಟಿ ಆರಿಸಲು ಯಾರಿಗೂ ಧೈರ್ಯ ಬರಲಿಲ್ಲ.

ಆಮೇಲೆ ನಮ್ಮ ಜಗಲಿಗೆ ಯಾರೂ ಬ್ಯಾಟರಿ ತರಲಿಲ್ಲ. ಬ್ಯಾಟರಿ ನರ್ಸಮ್ಮ ಎಂಬ ಹೆಸರೂ ನಿಂತುಹೋಯಿತು. ಊರಿನಲ್ಲಿ ಅರ್ಧ ಜನ, ಆಯಮ್ಮ ಇಲ್ಲದಿದ್ದರೆ ಇನ್ನೂ ಮೂರು ಹೆಣ ಬೀಳುತ್ತಿತ್ತು ಎಂದರು. ಉಳಿದವರು, ಆಗಲೇ ಯಾರಾದರೂ ಇಳಿದಿದ್ದರೆ ಹುಡುಗ ಉಳಿಯುತ್ತಿದ್ದ ಎಂದರು. ದೊಡ್ಡಮ್ಮ ಹಗೇವು ಇದ್ದ ಮನೆಗಳಿಗೆಲ್ಲ ಹೋಗಿ, ದೀಪ ಇಳಿಸದೆ ಇಳಿಯಬೇಡಿ ಎಂದು ಹೇಳಿ ಬಂದಳು. ಕೆಲವರು ಕೂರಿಸಿ ಕೇಳಿದರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ನಾಗರಾಜನಿಗೆ ಮದುವೆಯಾಗಿ ಹೆಂಡತಿಗೆ ನೋವು ಬಂದಾಗ ಲಕ್ಷ್ಮಕ್ಕ ನಮ್ಮ ಮನೆಯ ಮುಂದೆಯೇ ಗಾಡಿ ಹೊಡೆಸಿಕೊಂಡು ರಾಯಲ್ಪಾಡಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದೊಡ್ಡಮ್ಮ ಸೆರಗು ಸಿಕ್ಕಿಸಿ, ಚೀಲ ತೆಗೆದುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಗಾಡಿಯ ಸದ್ದು ತೋಪಿನಾಚೆ ಹೋಗುವವರೆಗೂ ಅಲ್ಲೇ ನಿಂತಿದ್ದು ಒಳಗೆ ಬಂದಳು. ಆ ವರ್ಷವೇ ವರ್ಗ ಕೇಳಿ ಮಾಲೂರಿಗೆ ಹೋದಳು. ನಾನು ಮದುವೆಯಾಗಿ ಮುಳಬಾಗಿಲು ಸೇರಿದೆ.

ನಾನು ಅವಳನ್ನು ಕೊನೆಯ ಸಲ ಕಂಡದ್ದು ಮಾಲೂರಿನ ಬಾಡಿಗೆ ಮನೆಯಲ್ಲಿ, ಎಂಬತ್ತರ ದಶಕದ ನಡುವೆ. ಎದೆನೋವು ಹಿಡಿದಿತ್ತು. ಮಧ್ಯಾಹ್ನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದವಳು, ಯಾವ ಪೀಠಿಕೆಯೂ ಇಲ್ಲದೆ ಹೇಳಿದಳು:

"ಅವತ್ತು ನಾನು ತಲೆ ಇಳಿಸಿದಾಗ ಅವನು ಉಸಿರಾಡ್ತಿದ್ದ ಕಣೇ ಸರೋಜಾ."

ನನಗೆ ಯಾರು ಎಂದು ಕೇಳಬೇಕಾಗಲಿಲ್ಲ.

"ಗೊರಕೆ ಹೊಡ್ದಂಗೆ. ಸಣ್ಣಗೆ. ನಾಗರಾಜನ ಕಿವಿಗೇನಾದ್ರೂ ಅದು ಬಿದ್ದಿದ್ರೆ, ಅವನನ್ನ ಯಾರೇ ಹಿಡಿದು ನಿಲ್ಸೋರು? ಅದಕ್ಕೇ ಹೋಗ್ಬಿಟ್ಟ ಅಂದೆ. ಅಂದ್ಬಿಟ್ಟು ಅಡ್ಡ ನಿಂತ್ಕೊಂಡು ಕಿರುಚ್ತಾನೇ ಇದ್ದೆ, ಯಾರಿಗೂ ಕೇಳಿಸ್ಬಾರ್ದು ಅಂತ. ಸೊಪ್ಪು ಆಡಿಸ್ತಿದ್ದಾಗ ನಿಂತ್ಹೋಯ್ತು."

ನಾನು, "ಇಳಿದವರು ಯಾರೂ ಮೇಲೆ ಬರ್ತಿರ್ಲಿಲ್ಲ ದೊಡ್ಡಮ್ಮಾ. ಲಕ್ಷ್ಮಕ್ಕಂಗೆ ಬಿಡಿಸಿ ಹೇಳಬಹುದಿತ್ತು" ಎಂದೆ.

"ಏನಂತ ಹೇಳ್ಲಿ? ನಿನ್ನ ಮಗ ಬದುಕಿದ್ದ, ನಾನು ಬಿಟ್ಟೆ ಅಂತಲಾ? ನನ್ನ ಬೈಕೊಂಡಾದ್ರೂ ಇನ್ನೊಬ್ಬ ಮಗನಿಗೆ ಹಿಟ್ಟು ಇಕ್ತಿದಾಳಲ್ಲ. ಬೈಲಿ ಬಿಡು."

ಅದಾಗಿ ಕೆಲವೇ ತಿಂಗಳಿಗೆ ಅವಳು ತೀರಿಕೊಂಡಳು. ನಾನು ಮಾಲೂರಿಗೆ ಹೋಗುವಷ್ಟರಲ್ಲಿ ಸಾಕಷ್ಟು ಜನ ಸೇರಿದ್ದರು. ಬೇಲಿಯ ಹತ್ತಿರ ಒಬ್ಬ ಒಂಟಿಯಾಗಿ ನಿಂತಿದ್ದ. ಆ ವಯಸ್ಸಿಗೇ ತಲೆಗೂದಲು ನೆರೆಯಲು ಶುರುವಾಗಿದ್ದರಿಂದ ಮೊದಲು ಗುರುತು ಸಿಗಲಿಲ್ಲ. ಅವನೇ ಹತ್ತಿರ ಬಂದು ಕೈಮುಗಿದ. ನಾಗರಾಜ. ಯಾರೋ ಹೇಳಿದ್ದು ಕೇಳಿ ಮೊದಲ ಬಸ್ಸಿಗೆ ಹೊರಟು ಬಂದಿದ್ದ. ಅಮ್ಮನಿಗೆ ಹೇಳಿಲ್ಲ ಎಂದ.

ಆಮೇಲೆ ದನಿ ತಗ್ಗಿಸಿ ಕೇಳಿದ: "ಟೀಚರಮ್ಮಾ, ನಮ್ಮಣ್ಣ ಅವತ್ತು... ಬೇಗ ಓಗ್ಬಿಟ್ಟಿದ್ನಾ? ಅಕ್ಕ ನಿಮ್ಮತ್ರ ಏನಾರ ಏಳಿದ್ರಾ?"

"ಹೂಂನಪ್ಪ" ಎಂದೆ. "ಇಳಿದ ಕೂಡಲೇ ಹೋಗಿದ್ದ ಅಂತ ಹೇಳಿದ್ರು."

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಚಟ್ಟಕ್ಕೆ ಹೆಗಲು ಕೊಡಲು ಹೋದ.