ಹೂಂಗುಟ್ಟುವವರಿಲ್ಲದ ಜಗಲಿ

ಅದು ಮಹಾರಾಜರ ಕಾಲ. ಆಗ ನಮ್ಮೂರಿನಲ್ಲಿ ಓದಲು ಬರುತ್ತಿದ್ದವರು ಬೆರಳೆಣಿಕೆಯ ಮಂದಿ, ಕೇಳುವವರಿಗೆ ಮಾತ್ರ ಬರವಿರಲಿಲ್ಲ. ಅಜ್ಜಂಪುರದ ಸ್ಟೇಷನ್ನಿನಲ್ಲಿ ರೈಲಿನಿಂದಿಳಿದ ವಾರಪತ್ರಿಕೆ, ಸಂತೆಗೆ ಹೋದವರ ಚೀಲದಲ್ಲಿ ಒಣಮೆಣಸಿನಕಾಯಿಯ ಜೊತೆ ನಮ್ಮ ಮನೆಗೆ ಬರುತ್ತಿತ್ತು. ಬಿಚ್ಚಿದ ಕೂಡಲೇ ಎಲ್ಲರಿಗೂ ಸೀನು. ನಮ್ಮಜ್ಜ ಕೊಬ್ಬರಿ ವ್ಯಾಪಾರದವರು, ಮಠದಲ್ಲಿ ಅಕ್ಷರ ಕಲಿತವರು. ದನ ಕೊಟ್ಟಿಗೆ ಸೇರಿ, ಹಾಲು ಕರೆದಾದ ಮೇಲೆ ಜಗಲಿಯಲ್ಲಿ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ವರ್ಷದ ಚಳಿಗಾಲ ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಹೊಸಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದರೆ, ನಾನು ಅವರ ಮಗ್ಗುಲಲ್ಲೇ ಅಳಗುಳಿಮಣೆಗೆ ಹುಣಸೆಬೀಜ ಹಾಕಿಕೊಂಡು ಆಡುತ್ತಿದ್ದೆ. ಮನೆಯೆಲ್ಲ ಅವರೆಯ ಸೊಗಡು.

ನಮ್ಮ ಕಡೆ ಒಂದು ಪದ್ಧತಿಯಿತ್ತು. ಕತೆಯಾಗಲಿ ಪುರಾಣವಾಗಲಿ, ಹೇಳುವವರಿಗೆ ಹೂಂಗುಟ್ಟುವವರು ಒಬ್ಬರು ಬೇಕೇ ಬೇಕು. ಒಂದೊಂದು ಮಾತು ಮುಗಿದಾಗಲೂ 'ಹೂಂ' ಅನ್ನದಿದ್ದರೆ ಹೇಳುವವರ ಬಾಯಿ ಮುಂದಕ್ಕೆ ಹೋಗದು. ಪತ್ರಿಕೆಗೂ ಅದೇ ನೇಮ. ಅಜ್ಜನಿಗೆ ಹೂಂಗುಟ್ಟುತ್ತಿದ್ದವನು ಸಣ್ಣೀರಣ್ಣ, ನಾಲ್ಕು ದನ ಸಾಕಿಕೊಂಡು ಬದುಕುತ್ತಿದ್ದ ಬಡವ. ಕಂಬಳಿ ಹೊದ್ದು ಜಗಲಿಯ ಕಂಬಕ್ಕೊರಗಿ ಅವನು ಹಾಕುವ ಹೂಂ, ಅಬ್ಬಬ್ಬಾ, ಬೀದಿಯ ಆ ತುದಿಗೂ ಕೇಳಬೇಕು! ಎಲ್ಲೋ ನಡೆಯುತ್ತಿದ್ದ ಯುದ್ಧಕ್ಕೂ ಹೂಂ, ಮೈಸೂರಿನ ದಸರೆಗೂ ಹೂಂ. ಅವನೊಂದು ದಿನ ಬರುವುದು ತಡವಾದರೆ ಅಜ್ಜ ಕನ್ನಡಕ ಒರೆಸುತ್ತಾ ಕಾಯುತ್ತಿದ್ದರು.

ಆ ಚಳಿಗಾಲದಲ್ಲಿ ಅವನ ಹಸುಗಳು ಗಡಿ ದಾಟಿ ಸರ್ಕಾರದ ಹುಲ್ಲುಗಾವಲಾದ ಕಾವಲಿನೊಳಗೆ ಮೇಯಲು ಹೋದುವು. ಕಾವಲಿನವರು ಅಟ್ಟಿಕೊಂಡು ಹೋಗಿ ದೊಡ್ಡಿಯಲ್ಲಿ ಕೂಡಿಹಾಕಿದರು. ನೀರು ಕೊಡಲಿಲ್ಲ. ಗಬ್ಬದ ಹಸುವೊಂದು ಅಲ್ಲೇ ಸತ್ತಿತು. ಕೇಳಿದರೆ, ರೋಗ ಬಂದು ಸತ್ತಿತೆಂದು ಹೇಳಿ ಕಳಿಸಿದರು. ಅಜ್ಜ ಸುಮ್ಮನಿರದೆ ಪತ್ರಿಕೆಗೆ ಬರೆದು ಹಾಕಿದರು. ಅದು ಅಚ್ಚಾಗಿ ಬಂದೂಬಿಟ್ಟಿತು!

"ನೀರಿಲ್ಲದೆ ಬಾಯಿ ಬಿಟ್ಟು ಪ್ರಾಣ ಬಿಟ್ಟಿತು" ಎಂದು ಅಜ್ಜ ಓದಿದಾಗ ಸಣ್ಣೀರಣ್ಣ ಕಂಬದತ್ತ ಮುಖ ತಿರುಗಿಸಿದ. ಜಗಲಿಯೆಲ್ಲ ಅವನ ಹೂಂಗಾಗಿ ಕಾಯಿತು. ಕೊನೆಗೆ ಕಂಬಳಿಯ ಅಂಚಿನಲ್ಲಿ ಕಣ್ಣೊರೆಸಿಕೊಂಡು ಹೂಂ ಎಂದ. ನಮ್ಮೂರಿನ ಹಸುವಿನ ಸಂಕಟ ಮೈಸೂರಿನವರೆಗೂ ಮುಟ್ಟಿತಲ್ಲ ಎಂದು ಎಲ್ಲರಿಗೂ ಹೆಮ್ಮೆಯೋ ಹೆಮ್ಮೆ.

ಮರುವಾರ ಜಗಲಿಯಲ್ಲಿ ತಾಲ್ಲೂಕಿನ ಪೊಲೀಸು ದಫೇದಾರ ಕೂತಿದ್ದ.

"ಓದ್ರಿ ಯಜಮಾನ್ರೇ, ನಾನೂ ಒಂದೀಟು ಕೇಳ್ಕೊಂಡು ಹೋಯ್ತೀನಿ" ಎಂದ. ಒಳ್ಳೆಯ ಮಾತಿನ ಮನುಷ್ಯ.

ಆ ವಾರದ ಪತ್ರಿಕೆಯ ಮೊದಲಲ್ಲೇ ಹೊಸ ಕಾಯಿದೆಯ ಸುದ್ದಿಯಿತ್ತು. ಇನ್ನು ಮೇಲೆ ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕು, ಬೇಡವೆನಿಸಿದರೆ ಸರ್ಕಾರ ನಿಲ್ಲಿಸಿಬಿಡಬಹುದು.

"ಅಲ್ರೀ, ಮಾತಾಡಕ್ಕೂ ಅಪ್ಪಣೆನಾ?" ಎಂದು ಯಾರೋ ಕೇಳಿದರು. ದಫೇದಾರ ನಕ್ಕ. ಅದರ ಕೆಳಗೆ, ದೊಡ್ಡಿಯ ವಿಷಯ ವಿಚಾರಣೆಯಾಗಬೇಕೆಂದು ಬರೆದಿತ್ತು. ಸಣ್ಣೀರಣ್ಣ ಎಂದಿನಂತೆ ಹೂಂಗುಟ್ಟಿದ. ದಫೇದಾರ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅಜ್ಜಿ ಕೊಟ್ಟ ಅವರೆಕಾಳಿನ ಉಸಲಿ ತಿಂದು, ಕೈ ತೊಳೆದು, ಎಲ್ಲರಿಗೂ ನಮಸ್ಕಾರ ಹೇಳಿ ಹೋದ.

ಎರಡು ದಿನಕ್ಕೆ ಸಣ್ಣೀರಣ್ಣನಿಗೆ ತರೀಕೆರೆಯ ಠಾಣೆಯಿಂದ ಕರೆ ಬಂತು. ಬರೀ ಮಾತಾಡಿಸುವುದಕ್ಕಂತೆ! ವಾರ ಕಳೆದು ಬಂದವನು ಅಲ್ಲೇನಾಯಿತೆಂದು ಹೆಂಡತಿಗೂ ಹೇಳಲಿಲ್ಲ. ನಮ್ಮ ಮನೆಯ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದ. ಅಜ್ಜಿ ಕರೆದರು: "ಯಾಕೋ ಸಣ್ಣೀರಾ, ಮನೆ ಮರ್ತೋಯ್ತಾ? ಬಾರೋ."

"ಬ್ಯಾಡ ಕಣವ್ವಾ. ಗಂಟ್ಲು ಸರಿಯಿಲ್ಲ" ಎಂದು ನಿಲ್ಲದೆ ಹೋದ.

ಅಜ್ಜನಿಗೆ ರೇಗಿತು. "ಪತ್ರಿಕೆಗೆ ಬರ್ದೋನು ನಾನು, ಓದ್ದೋನು ನಾನು. ನನ್ನ ಕರೀರಿ" ಎಂದು, ಮತ್ತೆ ಊರಿಗೆ ಬಂದ ದಫೇದಾರನ ಎದುರೇ ಹೇಳಿದರು.

"ಎಲ್ಲಾದ್ರೂ ಉಂಟಾ? ಮಠದ ಬಳಗದೋರು ನೀವು, ನಿಮ್ಮನ್ನ ಯಾರು ಮುಟ್ತಾರೆ? ನೀವು ಓದ್ರಿ. ಹೂಂ ಅನ್ನೋರಿಲ್ದೆ ಎಷ್ಟು ದಿನ ಓದ್ತೀರಿ, ನೋಡಾನ" ಎಂದು ಅವನು ಮೆಲ್ಲಗೆ ಹೇಳಿದ. ಅವನೂ ನಮ್ಮ ಸೀಮೆಯವನೇ, ಎಲ್ಲಿ ಹಿಸುಕಬೇಕೆಂದು ಗೊತ್ತಿದ್ದವನು. ಇವತ್ತಿಗೂ ಆ ಮನುಷ್ಯನನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಮುಂದಿನ ವಾರ ಜನ ಬಂದಿದ್ದರು. ಸಣ್ಣೀರಣ್ಣನ ಕಂಬಕ್ಕೆ ದಫೇದಾರ ಒರಗಿ ಕೂತಿದ್ದ. ಅಜ್ಜ ಒಂದು ಸಾಲು ಓದಿ ನಿಲ್ಲಿಸಿದರು. ಯಾರೂ ಹೂಂ ಅನ್ನಲಿಲ್ಲ. ಇನ್ನೊಂದು ಸಾಲು ಓದಿದರು. ಒಬ್ಬ ಎಲೆಗೆ ಸುಣ್ಣ ಸವರುತ್ತಿದ್ದ, ಇನ್ನೊಬ್ಬ ಸೂರು ನೋಡುತ್ತಿದ್ದ. ಅಜ್ಜನ ದನಿ ನಡುಗಿತು. ಆ ದನಿ ನಡುಗಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ. ಪಾಪ ಅನ್ನಿಸಿತು. ಹೊಸಿಲಲ್ಲಿ ಕೂತಿದ್ದವಳು ಗಟ್ಟಿಯಾಗಿ "ಹೂಂ" ಅಂದೆ.

ದಫೇದಾರ ನಿಧಾನವಾಗಿ ಇತ್ತ ತಿರುಗಿದ. ಮುಖದ ತುಂಬ ನಗು.

"ಈ ಕೂಸು ಯಾರ್ದು ಯಜಮಾನ್ರೇ? ನಿನ್ನ ಹೆಸ್ರೇನವ್ವಾ?"

ಅಜ್ಜಿಯ ಅಂಗೈ ನನ್ನ ಬಾಯಿ ಮುಚ್ಚಿತು. ಉಸಿರಿಗೆಲ್ಲ ಅವರೆಯ ಸೊಗಡು. ತನಗಾಗಿ ಹೆದರದ ಅಜ್ಜ ನನ್ನತ್ತ ನೋಡಿದರು, ಪತ್ರಿಕೆ ಮಡಚಿದರು, ಕನ್ನಡಕ ತೆಗೆದರು. "ಇವತ್ತಿಗೆ ಸಾಕು" ಎಂದರು. ಮತ್ತೆ ಆ ಜಗಲಿಯಲ್ಲಿ ಓದಲಿಲ್ಲ.

ಆಮೇಲೆ ಯಾವಾಗಲೋ ಆ ಪತ್ರಿಕೆಯೂ ನಿಂತಿತಂತೆ. ನಮ್ಮೂರಿನಲ್ಲಿ ಅದು ಯಾರ ಗಮನಕ್ಕೂ ಬರಲಿಲ್ಲ. ಮಲಗುವಾಗ ಅಜ್ಜಿ ಹೇಳುವ ರಾಜಕುಮಾರಿಯ ಕತೆಗೂ ಹೂಂ ಅನ್ನಬೇಡವೆಂದು ನನಗೆ ತಾಕೀತಾಗಿತ್ತು. ನಾನು ಕತ್ತಲಲ್ಲಿ ತಲೆಯಾಡಿಸುತ್ತಿದ್ದೆ, ಅದು ಅವರಿಗೆ ಕಾಣುತ್ತಿರಲಿಲ್ಲ, ಕತೆ ಅರ್ಧಕ್ಕೇ ನಿಲ್ಲುತ್ತಿತ್ತು.

ಈಗ ಮಹಾರಾಜರಿಲ್ಲ, ದಫೇದಾರರಿಲ್ಲ. ನಾವೇ ಓಟು ಹಾಕಿ ಆಳುವವರನ್ನು ಕಳಿಸುತ್ತೇವೆ, ಪತ್ರಿಕೆ ದಿನಾ ಬಾಗಿಲಿಗೇ ಬಂದು ಬೀಳುತ್ತದೆ. ಊರು ಕೂತು ಕೇಳುತ್ತಿದ್ದ ಜಗಲಿ ಮಾತ್ರ ಮತ್ತೆ ತುಂಬಲಿಲ್ಲ. ಕಣ್ಣು ಮಂಜಾದ ನನಗೆ ಮೊಮ್ಮಗ ಓದಿ ಹೇಳುತ್ತಾನೆ. ಮೊನ್ನೆ ಆಳುವವರ ತಪ್ಪಿನ ಸುದ್ದಿ ಓದುತ್ತಿದ್ದವನು ನಡುವೆ ನಿಲ್ಲಿಸಿ, ಎದ್ದು ಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿ ಬಂದ. ಹಾಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಹೂಂ, ಓದೋ" ಎಂದೆ.

"ಮೆಲ್ಲಗೆ, ಅಜ್ಜೀ" ಎಂದ.