ಛತ್ರಿಯ ಕೆಳಗಿನ ಎಕ್ಸ್

ಬೆಳಿಗ್ಗೆ ಚಹಾ ಕುಡಿಯುವಾಗ ಫೋನು ಕಿಣ್ ಎಂದಿತು. ಆಳಂದದ ಕಾಲೇಜಿನಲ್ಲಿ ಗಣಿತ ಕಲಿಸುವ ನೀಲಾ ಒಂದು ಸಮೀಕರಣದ ಚಿತ್ರ ಕಳಿಸಿದ್ದಳು. ಎಷ್ಟು ಅಚ್ಚುಕಟ್ಟು ಅಂತೀರಿ! ಅಕ್ಷರಗಳ ಹೆಗಲ ಮೇಲೆ ಪುಟ್ಟ ಅಂಕಿಗಳು, ಗೆರೆಯ ಮೇಲೆ ಕೆಲವರು, ಕೆಳಗೆ ಕೆಲವರು; ಯಾರೂ ಯಾರ ಮೇಲೂ ಬಿದ್ದಿಲ್ಲ. ‘ಕಾಕಾ, ನೋಡ್ರಿ, ಈಗ ಹಿಂಗ ಹೋಗ್ತಾವ’ ಎಂದು ಕೆಳಗೆ ಬರೆದಿದ್ದಳು. ನಾನು ನಿವೃತ್ತ ಕನ್ನಡ ಮಾಸ್ತರ, ಗಣಿತ ಕಂಡರೆ ಚಪ್ಪಲಿ ಹುಡುಕುವವನು. ಆದರೂ ಚಹಾ ಆರುವ ತನಕ ಅದನ್ನೇ ನೋಡುತ್ತ ಕೂತೆ. ಕೂತೆ ಎಂದರೆ ಸುಳ್ಳು. ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದೆ. ಸಮೀಕರಣ ಕಂಡರೆ ಕಾಲು ನಿಲ್ಲದ ಈ ರೋಗ ನನಗೆ ಹತ್ತಿದ್ದು ಜೇವರ್ಗಿಯಲ್ಲಿ.

ಅದು ತೊಂಬತ್ತರ ದಶಕದ ಕೊನೆ. ನೀಲಾಳ ಅಪ್ಪ ಗುರುಲಿಂಗಪ್ಪ ಮಾಸ್ತರರೂ ನಾನೂ ನೆಲೋಗಿಯ ಶಾಲೆಯಲ್ಲಿದ್ದೆವು. ಅವರದು ಗಣಿತ, ನಮ್ಮ ತರಗತಿಗಳ ನಡುವೆ ಒಂದೇ ಗೋಡೆ. ನಾನು ಈಚೆ ಷಟ್ಪದಿ ಹಾಡಿದರೆ ಅವರು ಆಚೆಯಿಂದ ಗೋಡೆಗೆ ಡಸ್ಟರು ಬಡಿಯುತ್ತಿದ್ದರು. ಮಗಳು ಸಣ್ಣವಳಿದ್ದಾಗ ಸಂಜೆ ಕರೆಂಟು ಹೋದರೆ ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ‘ಕಣ್ಣ ಮುಚ್ಚವ್ವಾ’ ಎಂದು ಲೆಕ್ಕವನ್ನು ಬಾಯಲ್ಲೇ ಕಟ್ಟುವುದು ಅವರ ಪದ್ಧತಿಯಾಗಿತ್ತು. ಭಾಗಾಕಾರದ ಗೆರೆ ಎಂದರೆ ಮಾಳಿಗೆ. ಕೆಲವರು ಮಾಳಿಗೆಯ ಮೇಲೆ, ಕೆಲವರು ಕೆಳಗಿನ ಮನೆಯಲ್ಲಿ. ಎಕ್ಸಿನ ವರ್ಗ ಎಂದರೆ ಎಕ್ಸಿನ ಹೆಗಲೇರಿ ಎರಡು ಕೂತಿದೆ. ವರ್ಗಮೂಲ ಎಂದರೆ ಛತ್ರಿ. ಕಂಸ ಎಂದರೆ ಕಂಪೌಂಡು, ಪರವಾನಗಿ ಇಲ್ಲದೆ ಒಳಗಿನವರು ಹೊರಬರುವಂತಿಲ್ಲ. ದಾರಿಹೋಕರು ಕೇಳಿದರೆ ಅಣ್ಣತಮ್ಮಂದಿರ ಪಾಲಿನ ಜಗಳ ಎಂದುಕೊಳ್ಳಬೇಕು.

ಆ ನೀಲಾ ಈಗ ದೊಡ್ಡವಳಾಗಿ ಹೈದರಾಬಾದಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಒಂದು ಶನಿವಾರ ಶಾಲೆಗೆ ಅವಳ ಫೋನು. ಸೋಮವಾರ ಪರೀಕ್ಷೆ, ಒಂದು ಲೆಕ್ಕ ತಲೆಗೇ ಹತ್ತುತ್ತಿಲ್ಲ, ಗಣಿತ ಬಿಟ್ಟು ಊರಿಗೆ ಬರುತ್ತೇನೆ ಎಂದು ಅಳು. ಲೆಕ್ಕ ಹೇಳಿದಳು, ಕಾಲೇಜಿನ ಈಮೇಲ್ ವಿಳಾಸ ಹೇಳಿದಳು, ಅಷ್ಟಕ್ಕೆ ಲೈನು ಕಡಿಯಿತು. ಮತ್ತೆ ಹಚ್ಚಿದರೆ ಬರೀ ಎಂಗೇಜು.

ಟೈಪಿಂಗ್ ಬರುತ್ತದೆಂಬ ಒಂದೇ ಅಪರಾಧಕ್ಕೆ ಮಾಸ್ತರರು ನನ್ನನ್ನು ತಮ್ಮ ಜೊತೆ ಜೇವರ್ಗಿ ಬಸ್ಸಿಗೆ ಹತ್ತಿಸಿದರು. ಬಸ್‌ಸ್ಟ್ಯಾಂಡಿನ ಎದುರು ಅನ್ವರನ ಎಸ್‌ಟಿಡಿ ಅಂಗಡಿ. ಅಲ್ಲಿಂದ ಹಚ್ಚಿದರೂ ಎಂಗೇಜೇ. ಒಳಗೆ ಪರದೆಯ ಹಿಂದೆ ಒಂದು ಕಂಪ್ಯೂಟರು. ಹೆಗಲ ಮೇಲೆ ಅಂಕಿ ಕೂಡಿಸುವ ಗುಂಡಿ ಅದರಲ್ಲಿ ಇರಲಿಲ್ಲ. ಮಾಸ್ತರರು ಬಿಡಿಸಿಕೊಟ್ಟ ಲೆಕ್ಕವನ್ನು ನಾನು ಪದ್ಯದ ಸಾಲು ಜೋಡಿಸಿದ ಹಾಗೆ ಜಾಗ ಬಿಟ್ಟು ಬಿಟ್ಟು, ಅಂಕಿಗಳನ್ನು ಮೇಲಿನ ಸಾಲಿನಲ್ಲಿ ನಿಲ್ಲಿಸಿ, ಅಡ್ಡಗೆರೆ ಎಳೆದು, ರಂಗೋಲಿಯನ್ನೇ ಹಾಕಿದೆ. ‘ಭಾಳ ಚೆಂದ ಮಾಡೀರಿ’ ಎಂದರು ಮಾಸ್ತರರು. ನನಗೆ ಕೋಡು ಮೂಡಿತು.

ಈಮೇಲ್ ಕಳಿಸಿದ್ದೇ ತಡ, ಉತ್ತರಕ್ಕಾಗಿ ಮಾಸ್ತರರು ಬಾಗಿಲಿಗೂ ಪರದೆಗೂ ತಿರುಗತೊಡಗಿದರು, ಅವರ ಹಿಂದೆ ನಾನು.

‘ಕುಂದರ್ರೀ ಸರ್, ನೆಲಾ ಸವದೀತು’ ಎಂದ ಅನ್ವರ.

ಉತ್ತರ ಬಂತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ‘ಅಪ್ಪಾ, ಎಲ್ಲಾ ಕಲಸಿ ಬಂದಾದ. ಯಾವುದು ಮ್ಯಾಲ, ಯಾವುದು ಕೆಳಗ ತಿಳೀವಲ್ದು. ಬಿಡ್ರಿ, ನಾ ಬರ್ತೇನಿ.’ ನನ್ನ ರಂಗೋಲಿ ದಾರಿಯಲ್ಲಿ ಅಳಿಸಿಹೋಗಿತ್ತು.

ಮಾಸ್ತರರು ಕುರ್ಚಿಯ ಬೆನ್ನು ಹಿಡಿದು ನಿಂತರು. ಹೊರಗೆ ನಮ್ಮ ಬಸ್ಸು ಹಾರ್ನು ಹೊಡೆಯಿತು.

‘ಬರ್ಕೋರಿ’ ಎಂದರು. ‘ನೀಲವ್ವಾ, ಕಣ್ಣ ಮುಚ್ಚು.’

‘ಕಣ್ಣ ಮುಚ್ಚಿದ್ರ ಓದೋದು ಹ್ಯಾಂಗ್ರೀ?’ ಅನ್ವರ ನಕ್ಕ.

‘ಲೇ, ಒಂದ್ಸಲ ಓದಿ ಮುಚ್ತಾಳ. ನೀ ಲೈನ್ ನೋಡ್ಕೋ.’ ನನ್ನ ಕಡೆ ತಿರುಗಿ ಮುಂದುವರಿಸಿದರು: ‘ಮಾಳಗಿ ಮ್ಯಾಲ ಛತ್ರಿ ಆದ. ಛತ್ರಿ ಕೆಳಗ ಎಕ್ಸ್, ಅವನ ಹೆಗಲ ಮ್ಯಾಲ ಎರಡು ಕುಂತಾದ. ಮೊದ್ಲ ಕೆಳಗಿನ ಮನಿ ಖಾಲಿ ಮಾಡಸು...’

ಒಂದು ಅಂಕಿಯನ್ನೂ ಎತ್ತರಿಸದೆ, ಒಂದು ಗೆರೆ ಎಳೆಯದೆ, ಇಡೀ ಲೆಕ್ಕವನ್ನು ಮಾತಿನ ಹಾಗೆ ಟೈಪು ಹೊಡೆದು ಕಳಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಮುಟ್ಟಿತೋ ಇಲ್ಲವೋ, ಹೇಳುವವರಿಲ್ಲ. ಮುಂದಿನ ಬಸ್ಸಿನಲ್ಲಿ ಮಾಸ್ತರರು ಊರು ಬರುವವರೆಗೂ ಕಂಬಿ ಹಿಡಿದು ನಿಂತೇ ಬಂದರು. ಸೀಟು ಖಾಲಿ ಇತ್ತು.

ರವಿವಾರ ಮೊದಲ ಬಸ್ಸಿಗೆ ಮತ್ತೆ ಹೋದೆವು. ಅನ್ವರ ಬಾಗಿಲಲ್ಲೇ ನಿಂತಿದ್ದ. ಕಂಪ್ಯೂಟರಿನಲ್ಲಿ ಒಂದೇ ಸಾಲು: ‘ಅಪ್ಪಾ, ಛತ್ರಿ ತಗದ್ರ ಒಳಗ ಎಕ್ಸ್ ಒಬ್ಬನೇ ನಿಂತಿದ್ದ. ಸೋಮವಾರ ಪರೀಕ್ಷಾಕ ಕೂಡ್ತೇನಿ.’

ಮಾಸ್ತರರು ಆಗ ಕುರ್ಚಿಯಲ್ಲಿ ಕೂತರು. ಕನ್ನಡಕ ಒರೆಸಿಕೊಂಡು ಅಂದರು: ‘ಇನ್ನ ಷಟ್ಪದಿ ಹಾಡ್ರಿ. ಡಸ್ಟರ್ ಬಡ್ಯಾಂಗಿಲ್ಲ.’

ಬಡಿಯಲಿಲ್ಲ ಎಂದೇನಲ್ಲ, ಮರುವಾರವೇ ಬಡಿದರು. ಈಗ ಅವರಿಲ್ಲ, ಗೋಡೆ ಸುಮ್ಮನಿದೆ. ನನಗೋ ಆವತ್ತು ಕಳಿಸಿದ ಲೆಕ್ಕ ಏನೆಂಬುದು ಇವತ್ತಿಗೂ ಗೊತ್ತಿಲ್ಲ. ಆರಿದ ಚಹಾ ಬದಿಗಿಟ್ಟು ನೀಲಾಗೆ ಫೋನು ಹಚ್ಚಿದೆ.

‘ಚಿತ್ರ ಚಂದ ಆದವ್ವಾ, ಖರೆ ನನಗ ತಿಳೀವಲ್ದು. ನಿಮ್ಮಪ್ಪ ಹೇಳ್ತಿದ್ರಲ್ಲ, ಹಂಗ ಹೇಳು.’

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು. ಆಮೇಲೆ, ‘ಕುಂತೀರೇನ್ರಿ ಕಾಕಾ?’ ಎಂದಳು.

ಕೂತೆ. ಕಣ್ಣು ಮುಚ್ಚಿದೆ.